ಮಂಡಕ್ಕಿ ಚೀಲ ವಿಮಾನ ಹತ್ತಿಸೋ ಮುಂಚೆ

ಭೂಕಂಪವಾದ ದೇಶಕ್ಕೆ ದಾವಣಗೆರೆಯಿಂದ ಮಂಡಕ್ಕಿ, ಹಳೆ ಬಟ್ಟೆ ಕಳಿಸೋಣ ಅಂತ ಒಂದು ಲೇಖನದಲ್ಲಿ ಓದಿದೆ. ಮನಸ್ಸು ದೊಡ್ಡದು, ಲೆಕ್ಕ ಕೂಡೋದಿಲ್ಲ. ವಿಮಾನದಲ್ಲಿ ಒಂದು ಘನ ಮೀಟರ್ ಜಾಗ ಹಿಡಿದ ಸರಕಿಗೆ ಸಾಮಾನ್ಯವಾಗಿ ಕನಿಷ್ಠ 167 ಕೆ.ಜಿ. ತೂಕದ ಬಾಡಿಗೆ ಹಾಕ್ತಾರೆ, ಒಳಗಿರೋದು ಬರೀ ಮಂಡಕ್ಕಿಯಾದ್ರೂ! ಅಷ್ಟೇ ಜಾಗದಲ್ಲಿ ಟಾರ್ಪಾಲು, ಮಡಚುವ ನೀರಿನ ಕ್ಯಾನು ಎಷ್ಟೋ ಹಿಡೀತಾವೆ. ವಿಮಾನ ಇಳಿಸೋಕೂ ಜಾಗದ ಬರ: 2015ರ ನೇಪಾಳ ಭೂಕಂಪದ ಹೊತ್ತಿಗೆ ಕಠ್ಮಂಡುವಿನಲ್ಲಿದ್ದದ್ದು ಒಂದೇ ರನ್‌ವೇ. ಅದೂ ಹಾಳಾಗಿ ಭಾರೀ ವಿಮಾನಗಳನ್ನು ತಡೆಯಬೇಕಾಯ್ತು.

ಕಳಿಸಲೇಬೇಕು ಅಂದ್ರೆ, ಅಲ್ಲಿ ಸರಕು ಬಿಡಿಸಿಕೊಳ್ಳುವ ಸಂಸ್ಥೆಯ ಲಿಖಿತ ಒಪ್ಪಿಗೆ ಮೊದಲು ತಗೊಳ್ಳಿ. ಪಡೆಯುವವರ ಹೆಸರಿಲ್ಲದ ಮೂಟೆ ಕಸ್ಟಮ್ಸ್ ಗೋದಾಮಿನಲ್ಲೇ ಬಿದ್ದಿರುತ್ತೆ. ಒಂದು ಪೆಟ್ಟಿಗೆಗೆ ಒಂದೇ ಬಗೆಯ ಸಾಮಾನು; ಕಲಸಿ ತುಂಬಿದರೆ ಬೇರ್ಪಡಿಸೋಕೆ ಅಲ್ಲಿ ಆಳು ಸಿಗಲ್ಲ. ಔಷಧಿ ಮೇಲೆ ಜೆನೆರಿಕ್ ಹೆಸರು (ಕಂಪನಿ ಇಟ್ಟದ್ದಲ್ಲ, ಔಷಧದ ಮೂಲ ಹೆಸರು) ಇರಬೇಕು, ತಲುಪಿದಾಗ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು. ಮನೆಯಲ್ಲಿ ಮಿಕ್ಕ ಅರ್ಧ ಸ್ಟ್ರಿಪ್ಪು ಬೇಡವೇ ಬೇಡ.

ನಿಜವಾದ ಒದ್ದಾಟ ನೀರಿಂದು. ವಿಪತ್ತು ನೆರವಿಗೆ ಅಂತರರಾಷ್ಟ್ರೀಯವಾಗಿ ಬಳಸುವ ಸ್ಫಿಯರ್ ಮಾನದಂಡದಲ್ಲಿ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್, 20 ಜನಕ್ಕೊಂದು ಶೌಚಾಲಯ. ತಿಳಿನೀರಾದ್ರೆ 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರ್ ಸಾಕು, ಒಂದು ತಾಸು ಬಿಡಬೇಕು. ರಾಡಿ ನೀರಿಗೆ ಹಾಕಿದರೆ ಕ್ಲೋರಿನ್ನೆಲ್ಲ ಕೊಳೆಗೇ ಖರ್ಚು; ಅದಕ್ಕೇ ಮೊದಲು ಆಲಂ (ಪಟಿಕ) ಹಾಕಿ ತಿಳಿಯಾಗಿಸಿ, ಆಮೇಲೆ ಪೌಡರ್. ಡಬ್ಬದ ಬಾಯಿ ತೆರೆದಿಟ್ಟ ಪೌಡರಿನಲ್ಲಿ ಸತ್ವ ಇರಲ್ಲ. ಅಂದಹಾಗೆ, ವಿಮಾನದವರ ಪಟ್ಟಿಯಲ್ಲಿ ಅದು ಅಪಾಯಕಾರಿ ಸರಕು, ಬಟ್ಟೆ ಮೂಟೆಯೊಳಗೆ ತುರುಕಬೇಡಿ.