ನಮ್ಮ ದುಡ್ಡಲ್ಲಿ ಏನ್ ಮಾಡ್ತಿದೀರ ಅಂತ ಕೇಳಿದ ಅಜ್ಜಿ

ಹೋದ ತಿಂಗಳು ಇಲ್ಲಿ ಮೇರಿಲ್ಯಾಂಡ್‌ನಲ್ಲಿ ನಮ್ಮ ಮನೆ ಹತ್ರದ ಪಬ್ಲಿಕ್ ಲೈಬ್ರರಿಲಿ ಒಂದು ಸಂಜೆ ಮೆದುಳಿನ ಬಗ್ಗೆ ಮಾತುಕತೆ ಇಟ್ಟಿದ್ರು. ಹೊರಗೆ ನಮ್ಮೂರಿನ ಆಷಾಢದ ಥರ ಮಳೆ, ಒಳಗೆ ಒಂದಿಪ್ಪತ್ತೈದು ಜನ, ಮುಕ್ಕಾಲು ಪಾಲು ರಿಟೈರ್ ಆದವರು. ನಾನು ಹೋಗಿದ್ದು ಅಪ್ಪನ ಕಾರಣಕ್ಕೆ. ಅಪ್ಪಂಗೆ ಪಾರ್ಕಿನ್ಸನ್ ಅಂತ ಗೊತ್ತಾಗಿ ಆರು ವರ್ಷ ಆಯ್ತು, ಸೋಮವಾರಪೇಟೆ ಕಡೆ ತೋಟದ ಮನೇಲಿ ಅಮ್ಮನ ಜೊತೆ ಇದಾರೆ, ನಾನು ಇಲ್ಲಿ ಕೂತ್ಕೊಂಡು ವಿಡಿಯೋ ಕಾಲಲ್ಲಿ ಅವರ ಕೈ ನಡುಗೋದು ನೋಡ್ತಾ ಇರ್ತೀನಿ.

ಮಾತಾಡಿದ್ದು ಒಬ್ಬ ಚಿಕ್ಕ ವಯಸ್ಸಿನ ಸಂಶೋಧಕಿ. ಇಲಿ ಎಡಕ್ಕೆ ಹೋಗ್ಬೇಕಾ ಬಲಕ್ಕೆ ಹೋಗ್ಬೇಕಾ ಅಂತ ತೀರ್ಮಾನ ಮಾಡೋ ಹೊತ್ತಲ್ಲಿ ಅದರ ಮೆದುಳಲ್ಲಿ ಯಾವ ನರಕೋಶ ಯಾವಾಗ ಚುರುಕಾಗುತ್ತೆ ಅಂತ ನೋಡೋದು ಅವರ ಕೆಲಸ. ಮಾತು ಅರ್ಧ ಆಗಿತ್ತಷ್ಟೆ, ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬ ಅಜ್ಜಿ ಕೈ ಎತ್ತಿದ್ರು. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದವರಂತೆ. ಇಲ್ಲಿ ಆರೋಗ್ಯ ಸಂಶೋಧನೆಗೆ ದುಡ್ಡು ಕೊಡೋ ಸರ್ಕಾರದ ಎನ್‌ಐಎಚ್ ಸಂಸ್ಥೆ ಯಾರಿಗೆ ಯಾವ ಕೆಲಸಕ್ಕೆ ಎಷ್ಟು ದುಡ್ಡು ಕೊಟ್ಟಿದೆ ಅಂತ ಯಾರು ಬೇಕಾದ್ರೂ ಹುಡುಕಿ ನೋಡೋಕೆ ರಿಪೋರ್ಟರ್ ಅಂತ ಒಂದು ವೆಬ್‌ಸೈಟ್ ಇದೆ, ಅಜ್ಜಿ ಅದನ್ನ ಫೋನಲ್ಲಿ ತೆಗೆದಿಟ್ಕೊಂಡೇ ಬಂದಿದ್ರು. "ಇದು ನಾವು ಕಟ್ಟೋ ಟ್ಯಾಕ್ಸ್ ದುಡ್ಡು. ಇಲಿ ಎತ್ಲಾಗೆ ತಿರುಗಿದ್ರೆ ನನಗೇನಾಗ್ಬೇಕು, ನನಗೆ ಅರ್ಥ ಆಗೋ ಹಾಗೆ ಹೇಳಮ್ಮ" ಅಂದ್ರು. ನಂಗೆ ಎದೆ ಧಸಕ್ ಅಂತು, ಈಗ ಜಗಳ ಆಗುತ್ತೆ ಅಂದ್ಕೊಂಡೆ. ಆ ಹುಡುಗಿ ಸ್ಲೈಡ್ ಎಲ್ಲ ನಿಲ್ಸಿ, ಒಂದು ಕುರ್ಚಿ ಎಳ್ಕೊಂಡು ಅಜ್ಜಿ ಎದುರು ಕೂತು, ಇಪ್ಪತ್ತು ನಿಮಿಷ ಉತ್ತರ ಹೇಳಿದ್ರು.

ಹೇಳಿದ್ದು ಮಾಹ್ಲನ್ ಡಿಲಾಂಗ್ ಅನ್ನೋ ವಿಜ್ಞಾನಿ ಕಥೆ. 1968ರಲ್ಲಿ ಆತ ಇದೇ ಎನ್‌ಐಎಚ್‌ಗೆ ಕೆಲಸಕ್ಕೆ ಸೇರಿದಾಗ ಮೆದುಳಿನ ಒಳ್ಳೊಳ್ಳೆ ಭಾಗಗಳನ್ನ ಬೇರೆಯವರು ಆಗಲೇ ಹಂಚ್ಕೊಂಡಿದ್ರಂತೆ, ಇವರ ಪಾಲಿಗೆ ಉಳಿದಿದ್ದು ಆಳದಲ್ಲಿರೋ ಬೇಸಲ್ ಗ್ಯಾಂಗ್ಲಿಯಾ. ಕೋತಿಗಳಿಗೆ ಒಂದು ಹಿಡಿಕೆ ಆಡಿಸೋಕೆ ಕಲಿಸಿ, ಅವು ಕೈ ಆಡಿಸೋವಾಗ ಒಂದೊಂದೇ ನರಕೋಶ ಏನ್ ಮಾಡುತ್ತೆ ಅಂತ ವರ್ಷಗಟ್ಟಲೆ ಬರೆದಿಟ್ರು. ಆಗ ಅದರಿಂದ ಯಾವ ರೋಗಿಗೂ ಏನೂ ಉಪಯೋಗ ಇರಲಿಲ್ಲ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳಪೆ ಡ್ರಗ್ಸ್ ಚುಚ್ಚಿಸ್ಕೊಂಡ ಕೆಲವರು ಇದ್ದಕ್ಕಿದ್ದಂಗೆ ಮರದ ಬೊಂಬೆ ಥರ ಸೆಟೆದು ನಿಂತುಬಿಟ್ರು, ಅದರಲ್ಲಿದ್ದ ಎಂಪಿಟಿಪಿ ಅನ್ನೋ ವಿಷ ಪಾರ್ಕಿನ್ಸನ್‌ನಲ್ಲಿ ಸಾಯೋ ಅದೇ ಜೀವಕೋಶಗಳನ್ನ ಕೊಂದಿತ್ತು. ಡಿಲಾಂಗ್ ಮತ್ತೆ ಅವರ ಜೊತೆಗಾರರು ಅದೇ ವಿಷ ಕೊಟ್ಟ ಕೋತಿಗಳಲ್ಲಿ ನೋಡಿದಾಗ, ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅಂತ ಒಂದು ಸಣ್ಣ ಗಂಟು ಮಿತಿಮೀರಿ ಕೆಲಸ ಮಾಡ್ತಾ ಇತ್ತು, ಹಿಡಿದ ಬ್ರೇಕ್ ಬಿಡದೇ ಇದ್ದಂಗೆ. ಅದನ್ನ ನಿಷ್ಕ್ರಿಯ ಮಾಡಿದ್ರು, ಸೆಟೆದು ಕೂತಿದ್ದ ಕೋತಿ ಕೈಕಾಲು ಆಡಿಸ್ತು. ಇದು 1990ರಲ್ಲಿ ಸೈನ್ಸ್ ಪತ್ರಿಕೇಲಿ ಬಂತು. ಆಮೇಲೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿಡ್ ಅನ್ನೋ ಸರ್ಜನ್ ಅದೇ ಗಂಟಿಗೆ ತೆಳು ತಂತಿ ಇಳಿಸಿ ಕರೆಂಟ್ ಕೊಟ್ಟು ರೋಗಿಗಳ ಬಿಗಿತ ಬಿಡಿಸಿದ್ರು. 2002ರಲ್ಲಿ ಅಮೆರಿಕದಲ್ಲಿ ಪಾರ್ಕಿನ್ಸನ್‌ಗೆ ಈ ಚಿಕಿತ್ಸೆಗೆ ಒಪ್ಪಿಗೆ ಸಿಕ್ತು, 2014ರಲ್ಲಿ ಇಬ್ಬರಿಗೂ ಸೇರಿಸಿ ವೈದ್ಯಕೀಯ ಸಂಶೋಧನೆಗೆ ಕೊಡೋ ಲಾಸ್ಕರ್ ಪ್ರಶಸ್ತಿ ಬಂತು. ಕೋತಿ ಕೈ ಆಡಿಸೋದನ್ನ ನೋಡ್ತಾ ಕೂತಲ್ಲಿಂದ ಈ ಚಿಕಿತ್ಸೆಗೆ ಒಪ್ಪಿಗೆ ಸಿಗೋ ತನಕ ಮೂವತ್ತು ವರ್ಷದ ಮೇಲೆ ಹಿಡೀತು, ಅಷ್ಟು ದಿನ ಕಾಯೋ ತಾಳ್ಮೆ ಯಾವ ಕಂಪನಿಗೂ ಇರಲ್ಲ, ಜನರ ದುಡ್ಡಿಗೆ ಮಾತ್ರ ಇರುತ್ತೆ ಅಂತ ಆ ಹುಡುಗಿ ಹೇಳಿದ್ರು. ಹಿಂದೆ ಕೂತಿದ್ದ ಒಬ್ರು ಕೋತಿಗಳ ನೋವಿನ ಬಗ್ಗೆ ಕೇಳಿದ್ರು, ಅದನ್ನೂ ತೇಲಿಸಿಬಿಡಲಿಲ್ಲ. ನಂಗೂ ಆ ಕೋತಿಗಳನ್ನ ನೆನೆದು ಸಂಕಟ ಆಯ್ತು, ಈಗಲೂ ಇದೆ.

ಆದ್ರೆ ಮನೆಗೆ ಬರ್ತಾ ಕಾರಲ್ಲಿ ತಲೇಲಿ ಕೊರೀತಾ ಇದ್ದಿದ್ದು ಬೇರೆ. 2024ರ ಹುತ್ತರಿಗೆ ಊರಿಗೆ ಹೋಗಿದ್ದೆ. ಆ ವರ್ಷದ ಅಕ್ಟೋಬರಲ್ಲಿ ಹಣ್ಣಿನ ನೊಣದ ಇಡೀ ಮೆದುಳಿನ ನಕ್ಷೆ ನೇಚರ್ ಪತ್ರಿಕೇಲಿ ಬಂದಿತ್ತು, 1,39,255 ನರಕೋಶ, ಅವುಗಳ ನಡುವೆ ಸುಮಾರು ಐದು ಕೋಟಿ ಸೇರುವೆ, ಯಾವುದರಿಂದ ಯಾವುದಕ್ಕೆ ಅಂತ ಒಂದೊಂದೂ ಗುರುತು ಮಾಡಿದಾರೆ, ಪ್ರಪಂಚದಲ್ಲಿ ಯಾರು ಬೇಕಾದ್ರೂ ತೆಗೆದು ನೋಡಬಹುದು. ನಂಗೆ ಖುಷಿ ತಡೆಯೋಕಾಗದೆ ಜಗಲೀಲಿ ಕೂತಿದ್ದವರಿಗೆಲ್ಲ ಹೇಳಿದೆ. ಚಿಕ್ಕಪ್ಪ "ಅಲ್ಲ ಕಣೋ, ನೊಣದ ತಲೆ ಎಣಿಸೋಕೂ ಸರ್ಕಾರ ಸಂಬಳ ಕೊಡುತ್ತಾ? ನಮ್ಮ ರಸ್ತೆ ಗುಂಡಿ ಮುಚ್ಚೋಕೆ ಮಾತ್ರ ದುಡ್ಡಿಲ್ಲ" ಅಂದ್ರು, ಎಲ್ರೂ ನಕ್ರು, ಅಪ್ಪನೂ ನಕ್ರು. ನಗೋವಾಗ ಅವರ ಕೈಲಿದ್ದ ಕಾಫಿ ಲೋಟ ತುಳುಕಿ ಪಂಚೆ ಮೇಲೆ ಬಿತ್ತು, ಅಮ್ಮ ಸುಮ್ನೆ ಎದ್ದು ಒರೆಸಿದ್ರು. ಆ ನಗು ನಂಗೆ ಇವತ್ತಿಗೂ ಚುಚ್ಚುತ್ತೆ. ಯಾಕಂದ್ರೆ ಅಪ್ಪ ದಿನಕ್ಕೆ ಮೂರು ಸಲ ನುಂಗೋ ಮಾತ್ರೆ ಇದೆಯಲ್ಲ, ಲೆವೊಡೋಪಾ, ಅದು ಬಂದಿದ್ದೂ ಇಂಥದ್ದೇ ಕೆಲಸದಿಂದ. 1950ರ ದಶಕದ ಕೊನೇಲಿ ಸ್ವೀಡನ್ನಿನ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟು ಅಲ್ಲಾಡದ ಹಾಗೆ ಮಲಗಿಸಿ, ಡೋಪಾ ಕೊಟ್ಟು ಎಬ್ಬಿಸಿದ್ರು, ಅದಕ್ಕೆ 2000ದಲ್ಲಿ ನೊಬೆಲ್ ಬಂತು. ರಿಸರ್ಪಿನ್ ನಮ್ಮ ಸರ್ಪಗಂಧದ ಬೇರಿನಿಂದ ಸಿಕ್ಕಿದ್ದು. ಡೋಪಾ ನಮ್ಮ ತೋಟದ ಬೇಲಿಲಿ ಹಬ್ಬಿ, ಮುಟ್ಟಿದ್ರೆ ಮೈಯೆಲ್ಲ ತುರಿಸೋ ಹಾಗೆ ಮಾಡೋ ನಸುಗುನ್ನಿ ಬೀಜದಲ್ಲಿದೆ, 1937ರಲ್ಲೇ ಮದ್ರಾಸಲ್ಲಿ ದಾಮೋದರನ್, ರಾಮಸ್ವಾಮಿ ಅನ್ನೋರು ಅದನ್ನ ಬೇರ್ಪಡಿಸಿ ಬರೆದಿದ್ರು. ಎರಡೂ ಗಿಡ ನಮ್ಮವು, ಮೊಲದ ಮುಂದೆ ಕೂತು ನೋಡಿದವರು ಬೇರೆಯವರು!

ನಂಗೆ ಊರಿನ ಮೇಲೆ ಸಿಟ್ಟು ಬರೋದು ಇಲ್ಲೇ. ಬಡತನ ಇದ್ದಿದ್ದಕ್ಕಲ್ಲ, ಕೇಳದೇ ಇರೋದಕ್ಕೆ. ಸರ್ಕಾರದ ದುಡ್ಡು ಅಂದ್ರೆ ನಮಗೆ ಮಳೆ ನೀರಿನ ಹಾಗೆ, ಎಲ್ಲಿಂದಲೋ ಬರುತ್ತೆ ಎಲ್ಲಿಗೋ ಹೋಗುತ್ತೆ, ಅದರಲ್ಲಿ ನಂದೂ ಒಂದು ಪಾಲು ಇದೆ ಅಂತ ಯಾರೂ ಅಂದ್ಕೊಳಲ್ಲ. ಅಪ್ಪನ್ನ ಮೊದಲ ಸಲ ಪೇಟೆಯ ಒಂದು ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದಾಗ ಡಾಕ್ಟರು ಮೂರು ನಿಮಿಷದಲ್ಲಿ "ವಯಸ್ಸಾಯ್ತಲ್ಲ ಯಜಮಾನ್ರೇ, ಇದೆಲ್ಲ ಇರೋದೇ" ಅಂತ ಚೀಟಿ ಬರೆದು ಕಳಿಸಿದ್ರು, ಅಪ್ಪ ಕೈ ಮುಗಿದು ಎದ್ದು ಬಂದ್ರು. ಏನು ರೋಗ, ಮೆದುಳಲ್ಲಿ ಏನಾಗಿದೆ, ಈ ಮಾತ್ರೆ ಏನ್ ಮಾಡುತ್ತೆ, ಒಂದು ಮಾತೂ ಕೇಳಲಿಲ್ಲ. ಆ ಡಾಕ್ಟರಿಗಿಂತ ಅಪ್ಪನ ಆ ಕೈ ಮುಗಿದಿದ್ದೇ ನಂಗೆ ಹೆಚ್ಚು ನೋವು ಕೊಟ್ಟಿದ್ದು. ಆ ಬಸ್ ಡ್ರೈವರ್ ಅಜ್ಜಿ ಆಗಿದ್ರೆ ಕುರ್ಚಿಯಿಂದ ಏಳ್ತಾನೇ ಇರಲಿಲ್ಲ.

ಅಜ್ಜಿ ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಕುಡೀತಾ ಸಿಕ್ಕಿದ್ರು, ನಾನು ಇದನ್ನೇ ಹೊಗಳಿದೆ. ಅವರು ತಲೆ ಆಡಿಸಿದ್ರು. ಇಲ್ಲಿ ಮೆದುಳಿನ ಸಂಶೋಧನೆಗೆ ದುಡ್ಡು ಕೊಡೋ ಬ್ರೇನ್ ಇನಿಶಿಯೇಟಿವ್ ಅಂತ ಸರ್ಕಾರದ ಯೋಜನೆ ಒಂದಿದೆ, ಒಬಾಮಾ 2013ರಲ್ಲಿ ಘೋಷಿಸಿದ್ದು, ಆ ನೊಣದ ನಕ್ಷೆಗೂ ಅದರಿಂದ ದುಡ್ಡು ಬಂದಿತ್ತು, 2023ರಲ್ಲಿ ಅದಕ್ಕೆ 68 ಕೋಟಿ ಡಾಲರ್ ಇದ್ದಿದ್ದು ಮುಂದಿನ ವರ್ಷಕ್ಕೆ 40 ಕೋಟಿ ಚಿಲ್ಲರೆಗೆ ಇಳೀತು. "ನಾನು ಪ್ರಶ್ನೆ ಕೇಳ್ತೀನಿ ಸರಿ, ಕಡಿತ ಮಾಡೋವಾಗ ನನ್ನ ಯಾರೂ ಕೇಳಲಿಲ್ಲ" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಇನ್ನೊಂದು ವಿಷಯ, ಬರೀಬಾರದು ಅಂದ್ಕೊಂಡಿದ್ದೆ, ಬರೆಯದೇ ಇದ್ರೆ ಅನ್ಯಾಯ ಆಗುತ್ತೆ. ನಾನು ನಾಲ್ಕು ವರ್ಷ ಬೆಂಗಳೂರಲ್ಲೇ ಓದಿದೀನಿ. ಅದೇ ಊರಲ್ಲಿ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕ್ ಇದೆ, ಸಂಸಾರದವರು ದುಃಖದ ಮಧ್ಯೆನೂ ಒಪ್ಪಿಗೆ ಕೊಟ್ಟ ಮೆದುಳುಗಳನ್ನ ಅಲ್ಲಿ ಸಂಶೋಧನೆಗೆ ಇಟ್ಟಿದಾರೆ. ಅದೇ ಊರಲ್ಲಿ ವಿಜ್ಞಾನಿ ಒಬೈದ್ ಸಿದ್ದಿಕಿ ಅವರು ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಕಟ್ಟಿ, ಹಣ್ಣಿನ ನೊಣ ವಾಸನೆ ಹೇಗೆ ತಿಳ್ಕೊಳುತ್ತೆ ಅಂತ ನಮ್ಮ ಸರ್ಕಾರದ ದುಡ್ಡಲ್ಲೇ ನೋಡಿದ್ರು. ಚಿಕ್ಕಪ್ಪ ನಕ್ಕ ಕೆಲಸ ನಮ್ಮಲ್ಲೂ ಆಗಿತ್ತು, ನಂಗೇ ಗೊತ್ತಿರಲಿಲ್ಲ. ಇಲ್ಲಿಗೆ ಬಂದು ಲೈಬ್ರರಿಲಿ ಕೂತ ಮೇಲೆ ಹುಡುಕಿ ಓದಿದ್ದು.

ಹೋದ ವಾರ ಅಮ್ಮನ ಹತ್ರ ಇದನ್ನೆಲ್ಲ ಹೇಳ್ತಾ ಅಪ್ಪ ಏನೂ ಕೇಳಲ್ಲ ಅಂತ ಬೇಜಾರು ಮಾಡ್ಕೊಂಡೆ. ಅಮ್ಮ "ಯಾರು ಹೇಳಿದ್ದು? ಚೆಟ್ಟಳ್ಳಿ ರಿಸರ್ಚ್ ಸ್ಟೇಷನ್ನಿಂದ ಕಾಫಿ ಬೋರ್ಡ್‌ನವರು ಮೀಟಿಂಗ್ ಮಾಡಿದಾಗ ನಿಮ್ಮಪ್ಪ ಏನ್ ಮಾಡ್ತಿದ್ರು ಅಂತ ಮರೆತೋಯ್ತಾ" ಅಂದ್ರು. ಹೌದು, ನೆನಪಾಯ್ತು. ನಾನು ಹೈಸ್ಕೂಲಲ್ಲಿದ್ದಾಗ ಜೊತೆಗೆ ಹೋಗಿದ್ದೆ. ಅರೇಬಿಕಾ ಕಾಫಿ ಗಿಡಗಳೆಲ್ಲ ಕಾಂಡ ಕೊರೆಯೋ ಬೋರರ್ ಹುಳ ಹಿಡಿದು ಒಣಗ್ತಾ ಇದ್ದ ವರ್ಷ, ಅಪ್ಪ ಟೊಳ್ಳಾದ ಒಂದು ಕಾಂಡ ಚೀಲದಲ್ಲಿ ಹಾಕ್ಕೊಂಡು ಹೋಗಿ, ವಿಜ್ಞಾನಿಗಳ ಟೇಬಲ್ ಮೇಲೆ ಇಟ್ಟು, ಹುಳ ತೊಗಟೆ ಒಳಗೆ ಹೋಗೋಕೆ ಮುಂಚೆ ಎಷ್ಟು ದಿನ ಹೊರಗಿರುತ್ತೆ, ಸುಣ್ಣ ಯಾವಾಗ ಬಳೀಬೇಕು, ನೀವು ಹೇಳಿದ್ದು ಹೋದ ವರ್ಷ ಯಾಕೆ ಹಿಡೀಲಿಲ್ಲ ಅಂತ ಒಂದಾದ ಮೇಲೊಂದು ಕೇಳಿದ್ರು. ಊಟದ ಹೊತ್ತಾದ್ರೂ ಬಿಡಲಿಲ್ಲ. ಆ ವಿಜ್ಞಾನಿಯೂ ಎದ್ದು ಹೋಗಲಿಲ್ಲ, ಕಾಂಡ ಸೀಳಿ ಹುಳದ ದಾರಿ ತೋರಿಸಿದ್ರು.

ಮಾರನೇ ದಿನ ಅಪ್ಪಂಗೇ ಫೋನ್ ಮಾಡಿದೆ. ಅವರ ಮೆದುಳಲ್ಲಿ ಏನಾಗ್ತಿದೆ ಅಂತ, ಆ ಹುಡುಗಿ ಅಜ್ಜಿಗೆ ಹೇಳಿದ ಹಾಗೇ ಹೇಳಿದೆ, ಕೈಕಾಲು ಆಡೋಕೆ ಬೇಕಾದ ಡೋಪಮೈನ್ ಅನ್ನೋ ರಾಸಾಯನಿಕ ಮಾಡೋ ಕೋಶಗಳು ಒಣಗಿದ್ದು, ಬ್ರೇಕ್ ಹಿಡ್ಕೊಂಡಿದ್ದು, ಮಾತ್ರೆ ಕೊರತೆ ತುಂಬೋದು, ಮತ್ತೆ ಆ ಗಂಟು ಸುಮಾರು ಒಂದು ಕಾಫಿ ಬೀಜದಷ್ಟು ಅಂತ. ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ರು. ಕಣದಲ್ಲಿ ಕಾಫಿ ಎಳೆಯೋ ಸದ್ದು ಕೇಳ್ತಾ ಇತ್ತು.

"ಅರೇಬಿಕಾ ಬೀಜದಷ್ಟಾ, ರೋಬಸ್ಟಾ ಬೀಜದಷ್ಟಾ?" ಅಂದ್ರು.

ಕೇಳಿ ಹೇಳ್ತೀನಿ ಅಪ್ಪಾ ಅಂದೆ.