‘ಸ್ಟಾಪ್’ ಆದಮೇಲೆ ‘ಟು’ ಬಂದರೆ ತಪ್ಪಲ್ಲ

ಧಾರವಾಡದ ಸಪ್ತಾಪುರದ ಕೋಚಿಂಗ್ ಹುಡುಗರ ವಾಟ್ಸಾಪ್‌ನಲ್ಲಿ ಇಂಗ್ಲಿಷ್ ವ್ಯಾಕರಣದ ಒಂದು ಚೀಟಿ ಓಡಾಡುತ್ತಿದೆ: ‘ಎಂಜಾಯ್, ಸ್ಟಾಪ್, ರಿಮೆಂಬರ್ ಆದಮೇಲೆ ಐಎನ್‌ಜಿ ರೂಪವೇ ಬರಬೇಕು, ಟು ಹಾಕಿದರೆ ಅಂಕ ಹೋಯಿತು.’ ಎಂಜಾಯ್ ಮಟ್ಟಿಗೆ ಸರಿ. ಉಳಿದೆರಡಕ್ಕೆ ಅಲ್ಲ.

‘ಹಿ ಸ್ಟಾಪ್ಡ್ ಡ್ರಿಂಕಿಂಗ್ ಟೀ’ ಅಂದರೆ ಚಹಾ ಬಿಟ್ಟ. ‘ಹಿ ಸ್ಟಾಪ್ಡ್ ಟು ಡ್ರಿಂಕ್ ಟೀ’ ಅಂದರೆ ಚಹಾ ಕುಡಿಯಲೆಂದು ಜುಬಿಲಿ ಸರ್ಕಲ್ಲಿನಲ್ಲಿ ಬೈಕ್ ನಿಲ್ಲಿಸಿದ. ಎರಡೂ ಶುದ್ಧ ಇಂಗ್ಲಿಷೇ. ‘ಕುಡಿಯುವುದನ್ನು ನಿಲ್ಲಿಸಿದ’, ‘ಕುಡಿಯಲು ನಿಂತ’ ಎಂಬಷ್ಟು ಫರಕು. (ನಮ್ಮ ಕಡೆ ಮೊದಲನೆಯದು ಅಪರೂಪ, ಬಿಡಿ.) ‘ರಿಮೆಂಬರ್ ಟು ಲಾಕ್’ ಅಂದರೆ ಬೀಗ ಹಾಕಲು ಮರೆಯಬೇಡ, ‘ಐ ರಿಮೆಂಬರ್ ಲಾಕಿಂಗ್’ ಅಂದರೆ ಹಾಕಿದ್ದು ನೆನಪಿದೆ. ಚೀಟಿಯಲ್ಲಿ ಫರ್ಗೆಟ್ ಇಲ್ಲ. ಅದೂ ಇದೇ ಸಾಲಿನದು.