‘ಸಹಾಯ ಮಾಡುತ್ತಿದ್ದರು’ ಅಂದರೆ ಏನರ್ಥ?

ನಿನ್ನೆ ಸಂಜೆ ಟೀಚರ್ ಅವರ ಸ್ಮರಣೆಯ ಕೂಟ ಮುಗಿಸಿ ಬಂದವನು ಊಟ ಮಾಡದೆ ಮಲಗಿದೆ. ಬೆಳಿಗ್ಗೆ ಎದ್ದರೂ ಸಿಟ್ಟು ಇಳಿದಿಲ್ಲ. ಹೊರಗೆ ಒಂದೇ ಸಮನೆ ಮಳೆ, ಕರೆಂಟಿಲ್ಲ. ಫೋನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಬರೆಯುತ್ತೇನೆ.

ಯಾವ ಟೀಚರ್ ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. 92 ವರ್ಷ ಬದುಕಿದರು. 17ನೇ ವಯಸ್ಸಿಗೆ ಚರ್ಚಿನ ಹಾರ್ಮೋನಿಯಂ ಮುಂದೆ ಕೂತವರು ಎದ್ದದ್ದು 80ಕ್ಕೆ, ಬೆರಳು ನಡುಗಲು ಶುರುವಾದ ಮೇಲೆ. ಕೂಟದಲ್ಲಿ ಮಾತಾಡಿದ ಐದು ಜನರಲ್ಲಿ ನಾಲ್ವರು ಹೇಳಿದ್ದು ಹೆಚ್ಚುಕಮ್ಮಿ ಒಂದೇ ಮಾತು: “ಅವರು ಸಂಗೀತದಲ್ಲಿ ಸಭೆಗೆ ತುಂಬಾ ಸಹಾಯ ಮಾಡುತ್ತಿದ್ದರು.”

ಸಹಾಯ ಅಂತೆ. ಅದೇ ಬಾಯಲ್ಲಿ, ನಮ್ಮಲ್ಲಿ ಮೂರು ವರ್ಷವಿದ್ದು ವರ್ಗವಾಗಿ ಹೋದ ಸಭಾಪಾಲಕರದ್ದು, ಅಂದರೆ ಪಾದ್ರಿಗಳದ್ದು, ‘ಸೇವೆ’. ಅವರ ಹೆಸರು ಇಸವಿ ಸಮೇತ ಬಾಗಿಲ ಪಕ್ಕದ ಬೋರ್ಡಿನ ಮೇಲೆ ಬಂಗಾರದ ಬಣ್ಣದಲ್ಲಿದೆ. 63 ವರ್ಷ ಒಂದು ಭಾನುವಾರವೂ ತಪ್ಪಿಸದೆ ನುಡಿಸಿದವರದ್ದು ಮಾತ್ರ ಸಹಾಯ. ಯಾರಿಗೆ ಸಹಾಯ? ಹಾಡಿಲ್ಲದ ಆರಾಧನೆಯನ್ನು ನೀವು ಯಾರಾದರೂ ನೋಡಿದ್ದೀರಾ?

ಕೊಡಗಿನ ಮಳೆಗಾಲದಲ್ಲಿ ಹಾರ್ಮೋನಿಯಂ ಉಳಿಸಿಕೊಳ್ಳುವುದೆಂದರೆ ಎಳೆಕೂಸು ಸಾಕಿದ ಹಾಗೆ. ಜೂನ್ ಬಂತೆಂದರೆ ಮರ ತೇವ ಕುಡಿದು ಉಬ್ಬುತ್ತದೆ, ಒತ್ತಿದ ಕೀ ಮೇಲೇಳುವುದಿಲ್ಲ, ಹಿತ್ತಾಳೆ ರೀಡಿಗೆ ಕಿಲುಬು, ತಿದಿಗೆ ಬೂಷ್ಟು. ಟೀಚರ್ ಅದರೊಳಗೆ ಒಂದು ಪುಟ್ಟ ಬಲ್ಬ್ ಇಳಿಬಿಟ್ಟು ವಾರವಿಡೀ ಹೊತ್ತಿಸಿಡೋರು. ಕರೆಂಟ್ ಹೋದ ದಿನ ಕೆಂಡದ ಬೋಗುಣಿ ತಂದು ಪಕ್ಕದಲ್ಲಿಟ್ಟು ತಾವೂ ಕಾದು ಕೂರೋರು. ನುಡಿಸುವಾಗ ಚಪ್ಪಲಿ ಬಿಚ್ಚಿ, ಉಲ್ಲನ್ ಕಾಲುಚೀಲದಲ್ಲೇ ಪೆಡಲ್ ತುಳಿಯೋರು. ಮಧ್ಯದ ‘ಸೋ’ ಕೀ ಪ್ರತಿ ಮಳೆಗಾಲವೂ ಕಚ್ಚಿಕೊಳ್ಳುತ್ತಿತ್ತು. ಉಂಗುರಬೆರಳಿನ ಉಗುರಲ್ಲಿ ಅದನ್ನು ಮೀಟಿ ಎತ್ತುತ್ತಲೇ ಮುಂದಿನ ಸಾಲಿಗೆ ಹೋಗೋರು. ಹಾಡುವ ನಮಗೆ ಗೊತ್ತೂ ಆಗುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಕೈ ಹಾರ್ಮೋನಿಯಂ ಕಂಬಳಿಯಲ್ಲಿ ಸುತ್ತಿಕೊಂಡು ತೋಟದ ಕೂಲಿಯವರ ಲೈನ್ ಮನೆಗಳಿಗೆ ಹೊರಟರೆ ಹೊರುವ ಕೆಲಸ ನನ್ನದು. ಆಗ ನನಗೆ ಹತ್ತೋ ಹನ್ನೊಂದೋ. ಹಾಸಿಗೆ ಹಿಡಿದವರ ಮನೆಗೆ ಹೋದರೆ ಮೊದಲು ಕೇಳೋರು, “ಪ್ರಾರ್ಥನೆ ಮಾಡಲಾ, ಬೇಡವಾ?” ಬೇಡ ಎಂದರೆ ಮುಖ ಸಣ್ಣ ಮಾಡಿಕೊಳ್ಳದೆ ಒಲೆ ಹೊತ್ತಿಸಿ ಗಂಜಿ ಕಾಯಿಸಿ ಕೊಟ್ಟು ಬರೋರು. ಹಾಡಿ ಎಂದರೆ ಹಾಡೋರು, ಆ ಮನೆಯವರ ಮಾತು ತಮಿಳಾದರೆ ತಮಿಳಲ್ಲಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಜನ ಪರಿಹಾರ ಕೇಂದ್ರ ಸೇರಿದಾಗ ಅವರಿಗೆ 85. ಅಲ್ಲಿ ರಾತ್ರಿ ನಿದ್ದೆ ಮಾಡದೆ ಬೆಚ್ಚುತ್ತಿದ್ದ ಮಕ್ಕಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು ಬರೀ ಜೋಗುಳ ಹಾಡಿದರು. ದೇವರ ಹೆಸರನ್ನೇ ಎತ್ತಲಿಲ್ಲ. ಯಾಕೆ ಎಂದು ನಾನು ಕೇಳಿದ್ದಕ್ಕೆ, “ಮಕ್ಕಳು ಮಲಗಬೇಕಲ್ಲ ಮಗಾ, ಅಷ್ಟೇ” ಎಂದರು. ಇದು ಸೇವೆಯಲ್ಲದಿದ್ದರೆ ಸೇವೆ ಅಂದರೆ ಯಾವುದು, ಯಾರಾದರೂ ಹೇಳಿ.

ನಮ್ಮ ಸಭೆಗಳ ಚರಿತ್ರೆಯೇ ಹೀಗೆ. 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ಹೊರತಂದ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದರು ಎನ್ನುವುದು ಎಲ್ಲರಿಗೂ ಬಾಯಿಪಾಠ. ಮಂಗಳೂರು, ಮಡಿಕೇರಿ, ಧಾರವಾಡಗಳಲ್ಲಿ ದುಡಿದ ಇನ್ನೊಬ್ಬ ಮಿಷನರಿ ಕಿಟೆಲ್ ಅವರ ಕನ್ನಡ ನಿಘಂಟು 1894ರದ್ದು ಎನ್ನುವುದೂ ಗೊತ್ತು. ಅದೇ ಕಿಟೆಲ್ 1862ರಲ್ಲೇ ಕ್ರಿಸ್ತನ ಕತೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿ ‘ಕಥಾಮಾಲೆ’ ಬರೆದಿದ್ದರೆಂದು ನನಗೆ ತಿಳಿಸಿದ್ದು ಟೀಚರ್. ಭಾಮಿನಿ ಷಟ್ಪದಿಯ ಸಾಲನ್ನು ಎಲ್ಲಿ ಮುರಿಯಬೇಕು, ಎಲ್ಲಿ ಎಳೆಯಬೇಕು ಎಂದು ತೊಡೆ ತಟ್ಟಿ ಕಲಿಸಿದ್ದೂ ಅವರೇ. ಬರೆದವರ ಹೆಸರು ಪುಸ್ತಕದಲ್ಲಿ ಉಳಿಯಿತು. ಆ ಹಾಡುಗಳನ್ನು ಅಕ್ಷರ ಬಾರದವರ ಬಾಯಿಗೆ ಸಾಲು ಸಾಲಾಗಿ ಕೂರಿಸಿದ ಹೆಂಗಸರ ಹೆಸರು ಯಾವ ಬೋರ್ಡಿನ ಮೇಲಿದೆ?

ಟೀಚರ್ ನಮಗೆ ಮತ್ತೆ ಮತ್ತೆ ಹೇಳುತ್ತಿದ್ದ ಕತೆ ಅಮೆರಿಕದ ಫ್ಯಾನಿ ಕ್ರಾಸ್ಬಿಯವರದ್ದು. ಹುಟ್ಟಿದ್ದು 1820ರಲ್ಲಿ, ಕೂಸಾಗಿದ್ದಾಗಲೇ ಕಣ್ಣು ಹೋಯಿತು, 1915ರಲ್ಲಿ ತೀರಿಕೊಳ್ಳುವ ಹೊತ್ತಿಗೆ 94 ವರ್ಷ. ನ್ಯೂಯಾರ್ಕಿನ ಅಂಧರ ಶಾಲೆಯಲ್ಲಿ ಕಲಿತು ಅಲ್ಲೇ ಪಾಠ ಹೇಳಿದರು. ಬರೆದ ಕೀರ್ತನೆಗಳು 8,000ಕ್ಕೂ ಹೆಚ್ಚು. ಒಂದು ಹಾಡಿಗೆ ಸಿಗುತ್ತಿದ್ದದ್ದು ಒಂದೆರಡು ಡಾಲರ್. ಕುಡಿತದಿಂದ ಬೀದಿಗೆ ಬಿದ್ದವರ ನಡುವೆ ವರ್ಷಗಟ್ಟಲೆ ಓಡಾಡಿದರು. ಒಂದೇ ಪುಸ್ತಕದಲ್ಲಿ ಒಬ್ಬರದೇ ಹೆಸರು ಅಷ್ಟೊಂದು ಕಡೆ ಕಾಣಬಾರದೆಂದು ಅವರ ಹಾಡುಗಳಿಗೆ ಸುಮಾರು 200 ಬೇರೆ ಬೇರೆ ಹೆಸರು ಹಾಕಿ ಅಚ್ಚು ಮಾಡಿದರು. ಈ ಜಾಗಕ್ಕೆ ಬಂದಾಗಲೆಲ್ಲ ಟೀಚರ್ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಆಗ ನನಗೆ ಅರ್ಥವಾಗುತ್ತಿರಲಿಲ್ಲ.

ಕೂಟ ಮುಗಿದ ಮೇಲೆ ಒಬ್ಬ ಹಿರಿಯರ ಹತ್ತಿರ ಈ ಮಾತೆತ್ತಿದೆ. ಅವರೆಂದರು, “ಟೀಚರಿಗೆ ಹೆಸರು ಬೇಕಿರಲಿಲ್ಲಪ್ಪ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಅಂತ ಬದುಕಿದವರು.” ಟೀಚರಿಗೆ ಬೇಕಿರಲಿಲ್ಲ, ಒಪ್ಪಿದೆ. ಆದರೆ ಆ ವಚನ ಇರುವುದು ಕೊಡುವವರಿಗೆ. ಪಡೆದವರು ಮರೆಯಿರಿ ಎಂದು ಅದರಲ್ಲಿ ಎಲ್ಲಿ ಬರೆದಿದೆ? ಅವರ ವಿನಯವನ್ನು ನಮ್ಮ ಮರೆವಿಗೆ ನೆಪ ಮಾಡಿಕೊಳ್ಳುವುದು ಅನ್ಯಾಯ. ಬೇಕಿರಲಿಲ್ಲ ಎನ್ನುವುದೂ ಎಷ್ಟು ನಿಜವೋ. 1947ರಲ್ಲಿ ಆದ ನಮ್ಮ ಸಿ.ಎಸ್.ಐ.ಗೆ (ದಕ್ಷಿಣ ಭಾರತ ಸಭೆಗೆ) ಮೊದಲ ಮಹಿಳಾ ಬಿಷಪ್ ಬಂದದ್ದು 2013ರಲ್ಲಿ, ಆಂಧ್ರದ ನಂದ್ಯಾಲಕ್ಕೆ ಪುಷ್ಪಲಲಿತಾ ಅವರು. ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಟೀಚರ್ ತಮ್ಮ ಬೈಬಲಿನಲ್ಲಿ ಇಟ್ಟುಕೊಂಡಿದ್ದರು. ಹೋದ ವಾರ ಅವರ ತಂಗಿಯ ಮಗಳು ಆ ಬೈಬಲ್ ತೆರೆದಾಗ ಕೆಳಗೆ ಬಿತ್ತು, ಹಳದಿಗಟ್ಟಿ ಮಡಿಕೆಯಲ್ಲಿ ಹರಿದಿತ್ತು. ಎಷ್ಟು ಸಲ ಬಿಚ್ಚಿ ಓದಿದ್ದರೋ.

ಇನ್ನೊಂದು ಮಾತು ಹೇಳದಿದ್ದರೆ ಈ ಸಿಟ್ಟಿಗೆ ನಾನು ಅರ್ಹನಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯ ಸ್ಮರಣ ಸಂಚಿಕೆ ಸಿದ್ಧಪಡಿಸಿದ್ದು ನಾನು. ನಿನ್ನೆ ರಾತ್ರಿ ಹುಡುಕಿ ತೆಗೆದೆ. ಸಭಾಪಾಲಕರಿಗೆ ತಲಾ ಒಂದು ಪುಟ, ಫೋಟೋ ಸಮೇತ. ಟೀಚರಿಗೆ ಕೊನೆಯ ಪುಟದ ಕೃತಜ್ಞತೆಯಲ್ಲಿ ಒಂದು ಸಾಲು: “ಗಾಯನ ವೃಂದಕ್ಕೆ ನೆರವಾದರು.” ಬರೆದವನು ನಾನೇ. ಆ ಪುಸ್ತಕವನ್ನು ನಾನೇ ಅವರ ಕೈಗೆ ಕೊಟ್ಟಿದ್ದೆ. ಕನ್ನಡಕ ಹಾಕಿಕೊಂಡು ಪುಟ ತಿರುವಿ, “ಚೆನ್ನಾಗಿ ಬಂದಿದೆ ಮಗಾ” ಎಂದು ಬೆನ್ನು ತಟ್ಟಿ ಕಾಫಿ ಕೊಟ್ಟರು.

ಸಭೆಯ ಕಮಿಟಿಯವರು ಇದನ್ನು ಓದುತ್ತೀರಿ ಎಂದು ಗೊತ್ತು. ಬೋರ್ಡಿನಲ್ಲಿ ಕೆಳಗೆ ಇನ್ನೂ ಎರಡು ಸಾಲಿನ ಜಾಗವಿದೆ. ಅವರ ಹೆಸರು, 1950–2013, ಪಕ್ಕದಲ್ಲಿ ‘ಸೇವೆ’ ಎಂದು ಬರೆಸಿ. ಪೇಂಟರಿಗೆ ನಾನು ದುಡ್ಡು ಕೊಡುತ್ತೇನೆ.

ಕೂಟದ ಗಲಾಟೆಯಲ್ಲೇ ಒಂದು ಸಲ ಸ್ಟೋರ್ ರೂಮಿಗೆ ಹೋಗಿ ಬಂದೆ. ಕೀಬೋರ್ಡ್ ಬಂದಾಗಿನಿಂದ ಆ ಹಾರ್ಮೋನಿಯಂ ಅಲ್ಲೇ ಇದೆ, ಮೇಲೆ ಕ್ರಿಸ್ಮಸ್ ನಕ್ಷತ್ರಗಳ ರಾಶಿ. ಒಳಗಿನ ಬಲ್ಬ್ ಯಾವಾಗಲೋ ಸುಟ್ಟಿದೆ. ಪೆಡಲ್ ತುಳಿದು ‘ಸೋ’ ಒತ್ತಿದೆ. ಸ್ವರ ಬಂತು, ಕೀ ಮೇಲೇಳಲಿಲ್ಲ. ಉಗುರಲ್ಲಿ ಮೀಟಿ ಎತ್ತಿದೆ. ಕರೆಂಟ್ ಬಂದ ಕೂಡಲೇ ಹೊಸ ಬಲ್ಬ್ ತಗೊಂಡು ಹೋಗುತ್ತೇನೆ.